ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಯದೆ ಉಳಿಯುವ ಕಾಯಿಲೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. 1848ರಿಂದ ನಡೆದುಬಂದಿರುವ ವೆನ್ಲಾಕ್, 1880ರಲ್ಲಿ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ತೊಡಗಿಸಿದ ಔಷಧಾಲಯದಿಂದ ಬೆಳೆದ ಫಾದರ್ ಮುಲ್ಲರ್, 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಮೇಲೆ ದೇರಳಕಟ್ಟೆ, ಕುಂಟಿಕಾನಗಳಲ್ಲಿ ಒಂದರ ಹಿಂದೊಂದರಂತೆ ಎದ್ದ ಕಾಲೇಜು ಆಸ್ಪತ್ರೆಗಳು, ಇವೆಲ್ಲ ಸೇರಿ ಕಾಸರಗೋಡಿನಿಂದ ಹೊನ್ನಾವರದವರೆಗೆ, ಘಟ್ಟದ ಮೇಲಿನ ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿಯವರೆಗೆ ಜನ ಆಂಬುಲೆನ್ಸ್ ಹತ್ತಿ ಬರುವ ಊರುಗಳಾಗಿ ಮಂಗಳೂರು ಮತ್ತು ಮಣಿಪಾಲವನ್ನು ಮಾಡಿವೆ. ಹಾಗಾಗಿ ಸಾವಿನ ಬಾಯಿಯಿಂದ ಹೊರಬಂದವರ ಸಂಖ್ಯೆಯೂ ಇಲ್ಲಿ ದೊಡ್ಡದು. ಹಿಂದೆ ಹೃದಯಾಘಾತವಾದರೆ, ಇಲಿಜ್ವರ ಮೂತ್ರಪಿಂಡಕ್ಕೆ ಏರಿದರೆ, ಮಿದುಳಿನಲ್ಲಿ ರಕ್ತಸ್ರಾವವಾದರೆ ಉಳಿಯದಿದ್ದ ಅನೇಕರು ಈಗ ಉಳಿಯುತ್ತಾರೆ. ಉಳಿದ ಮೇಲೆ ಅವರಿಗೆ ಏನಾಗುತ್ತದೆ ಎಂಬುದನ್ನು ಕೇಳುವ ವ್ಯವಸ್ಥೆ ಮಾತ್ರ ಅಷ್ಟೇ ವೇಗದಲ್ಲಿ ಬೆಳೆದಿಲ್ಲ.

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಬ್ರಹ್ಮಾವರದ ಕಡೆಯವರು, ಐವತ್ತು ದಾಟಿದವರು, ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದು ಸಣ್ಣ ಅಂಗಡಿ ಇಟ್ಟುಕೊಂಡವರು. ಒಂದು ರಾತ್ರಿ ಎದೆನೋವು ಬಂದು, ಬೆವರಿ, ಮಣಿಪಾಲದ ದಾರಿಯಲ್ಲಿ ಆಂಬುಲೆನ್ಸಿನೊಳಗೆ ಪ್ರಜ್ಞೆ ತಪ್ಪುತ್ತದೆ. ಸ್ಟೆಂಟ್ ಹಾಕುತ್ತಾರೆ, ನಾಲ್ಕನೆಯ ದಿನ ಮನೆಗೆ ಕಳುಹಿಸುತ್ತಾರೆ. ಒಂದೂವರೆ ತಿಂಗಳ ನಂತರದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಚೆನ್ನಾಗಿದೆ. ಆದರೆ ಆ ಮನುಷ್ಯ ಮಲಗುವುದು ಕುರ್ಚಿಯಲ್ಲಿ, ಏಕೆಂದರೆ ನೋವು ಶುರುವಾದಾಗ ಅವರು ಮಲಗಿದ್ದರು. ಬಚ್ಚಲುಮನೆಯ ಚಿಲಕ ಹಾಕುವುದಿಲ್ಲ. ಮಾತಾಡುತ್ತಿರುವಾಗಲೂ ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲೆಯೇ ಇರುತ್ತವೆ. ಹೆದ್ದಾರಿಯಲ್ಲಿ ಸೈರನ್ ಕೇಳಿದರೆ ಅಂಗಡಿಯ ಒಳಕ್ಕೆ ಹೋಗುತ್ತಾರೆ. ಬೆಳಗಿನ ಮಾತ್ರೆಯ ಸ್ಟ್ರಿಪ್ ಕಂಡರೆ ಆ ರಾತ್ರಿ ನೆನಪಾಗುವುದರಿಂದ ಅದನ್ನು ಕಪಾಟಿನ ಹಿಂದೆ ಇಟ್ಟಿದ್ದಾರೆ. ವಾರಕ್ಕೆ ಎರಡು ಮೂರು ದಿನ ತೆಗೆದುಕೊಳ್ಳುವುದೇ ಇಲ್ಲ. ಓಪಿಡಿಯಲ್ಲಿ ವೈದ್ಯರು ಹೇಗಿದ್ದೀರಿ ಎಂದರೆ "ಪರವಾಗಿಲ್ಲ ಡಾಕ್ಟ್ರೆ" ಎನ್ನುತ್ತಾರೆ. ಬಾಗಿಲ ಹತ್ತಿರ ಹಿಂದೆ ಉಳಿದ ಹೆಂಡತಿ "ಇವರು ಮೊದಲಿನ ಹಾಗೆ ಇಲ್ಲ ಡಾಕ್ಟ್ರೆ" ಎಂದು ಹೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿರುತ್ತದೆ.

ಈ ಚಿತ್ರಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಆಘಾತೋತ್ತರ ಒತ್ತಡದ ಕಾಯಿಲೆ, ಎಲ್ಲರೂ ಹೇಳುವಂತೆ ಪಿಟಿಎಸ್‌ಡಿ, 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಮೂರನೆಯ ಆವೃತ್ತಿಗೆ ಸೇರಿದಾಗ ಎಲ್ಲರ ಕಣ್ಣಮುಂದೆ ಇದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು. ಬೇಡವೆಂದರೂ ನುಗ್ಗಿಬರುವ ನೆನಪು ಮತ್ತು ದುಃಸ್ವಪ್ನ, ಅದನ್ನು ನೆನಪಿಸುವ ಎಲ್ಲದರಿಂದ ತಪ್ಪಿಸಿಕೊಳ್ಳುವುದು, ತನ್ನ ಬಗ್ಗೆ ಮತ್ತು ಜಗತ್ತಿನ ಬಗ್ಗೆ ಮನಸ್ಸು ಕಹಿಯಾಗುವುದು ಅಥವಾ ಮರಗಟ್ಟುವುದು, ಸದಾ ಎಚ್ಚರದಲ್ಲಿದ್ದು ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಈ ನಾಲ್ಕೂ ಬಗೆಯ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಬದುಕನ್ನು ಕೆಡಿಸಿದರೆ ಮಾತ್ರ ಆ ಹೆಸರು ಹಚ್ಚುತ್ತಾರೆ. ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಅಳು ಬರುವುದು, ಹೆದರುವುದು ಕಾಯಿಲೆಯಲ್ಲ. ಸಾವನ್ನು ಹತ್ತಿರದಿಂದ ನೋಡಿ ಬಂದ ಯಾರಿಗಾದರೂ ಆಗುವಂಥದ್ದು, ಮತ್ತು ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುವಂಥದ್ದು.

ಎಷ್ಟು ಮಂದಿಯಲ್ಲಿ ಅದು ಇಳಿಯುವುದಿಲ್ಲ? ಕೊಲಂಬಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಎಡ್ಮಂಡ್‌ಸನ್ ಮತ್ತು ಸಂಗಡಿಗರು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೃದಯಾಘಾತ ಅಥವಾ ಅದಕ್ಕೆ ಸಮೀಪದ ತೀವ್ರ ಹೃದಯ ತೊಂದರೆಯಿಂದ ಬದುಕಿದವರಲ್ಲಿ ಸುಮಾರು ಶೇ. 12 ಮಂದಿಯಲ್ಲಿ ಗಮನಾರ್ಹ ಪಿಟಿಎಸ್‌ಡಿ ಲಕ್ಷಣಗಳು ಕಂಡವು. ಮರುವರ್ಷ ಅದೇ ತಂಡ ಪಾರ್ಶ್ವವಾಯು ಮತ್ತು ಕಿರು ಪಾರ್ಶ್ವವಾಯುವಿನ ಬಗ್ಗೆ ನೋಡಿದಾಗ ಮೊದಲ ವರ್ಷದೊಳಗೆ ಶೇ. 23, ಆಮೇಲೆ ಶೇ. 11 ಎಂಬ ಅಂದಾಜು ಸಿಕ್ಕಿತು. ಐಸಿಯುವಿನಲ್ಲಿ ದಿನಗಟ್ಟಲೆ ಇದ್ದು ಬಂದವರಲ್ಲಿ ಐವರಲ್ಲಿ ಒಬ್ಬರ ಆಸುಪಾಸು. ಕೋವಿಡ್‌ನಿಂದ ಆಸ್ಪತ್ರೆಗೆ ಬಂದು ಗುಣವಾದ 381 ಮಂದಿಯನ್ನು ರೋಮ್ ನಗರದಲ್ಲಿ ಪರೀಕ್ಷಿಸಿದಾಗ ಶೇ. 30ರಷ್ಟು ಮಂದಿಯಲ್ಲಿ ಇದು ಕಂಡುಬಂತು. ಮಲೇಷ್ಯಾದ ಕ್ಯಾನ್ಸರ್ ರೋಗಿಗಳ ಒಂದು ಅಧ್ಯಯನದಲ್ಲಿ ಆರನೆಯ ತಿಂಗಳಲ್ಲಿ ಶೇ. 22ರಷ್ಟಿದ್ದದ್ದು ನಾಲ್ಕು ವರ್ಷಗಳ ಹೊತ್ತಿಗೆ ಶೇ. 6ಕ್ಕೆ ಇಳಿದಿತ್ತು. ಪ್ರಶ್ನಾವಳಿ ಕೊಟ್ಟು ಗುರುತು ಹಾಕಿಸಿದರೆ ಸಂಖ್ಯೆ ಏರುತ್ತದೆ, ನುರಿತವರು ಕೂತು ಸಂದರ್ಶನ ಮಾಡಿದರೆ ಇಳಿಯುತ್ತದೆ. ಹಾಗಾಗಿ ಈ ಅಂಕಿಗಳಲ್ಲಿ ಯಾವುದನ್ನೂ ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ. ಹತ್ತು ಮಂದಿ ಗಂಭೀರ ರೋಗಿಗಳು ಬದುಕಿ ಹೊರಬಂದರೆ ಅವರಲ್ಲಿ ಒಬ್ಬರೋ ಇಬ್ಬರೋ ಈ ಸ್ಥಿತಿಯಲ್ಲಿರುತ್ತಾರೆ ಎಂದು ತಿಳಿದುಕೊಂಡರೆ ಸದ್ಯಕ್ಕೆ ಸಾಕು.

ಸೈನಿಕನ ಆಘಾತಕ್ಕೂ ರೋಗಿಯ ಆಘಾತಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಹಿಡಿಯದಿದ್ದರೆ ಮುಂದಿನದ್ದೆಲ್ಲ ತಪ್ಪಾಗುತ್ತದೆ. ಯುದ್ಧ, ಅಪಘಾತ, ಭೂಕುಸಿತ ಇವು ಹೊರಗೆ ನಡೆದು ಮುಗಿದವು. ಅವುಗಳಿಂದ ಉಂಟಾದ ಭಯಕ್ಕೆ ಚಿಕಿತ್ಸಕರು ಹೇಳುವ ಮಾತು ಒಂದೇ: ಅಪಾಯ ಕಳೆದುಹೋಗಿದೆ, ಈಗ ನೀವು ಸುರಕ್ಷಿತರು. ಹಗ್ಗವನ್ನು ಕಂಡು ಹಾವೆಂದು ಬೆಚ್ಚುವವನಿಗೆ ದೀಪ ಹಿಡಿದು ತೋರಿಸಿದಂತೆ. ಹೃದಯ ಅಥವಾ ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಹಾವು ನಿಜವಾಗಿಯೂ ಮನೆಯೊಳಗೇ ಇದೆ. ಎರಡನೆಯ ಆಘಾತ ಬರಬಹುದು, ಗಡ್ಡೆ ಮರಳಬಹುದು, ಇದನ್ನು ವೈದ್ಯರೇ ಹೇಳಿರುತ್ತಾರೆ. ಎಡ್ಮಂಡ್‌ಸನ್ 2014ರಲ್ಲಿ ಮುಂದಿಟ್ಟ ವಿವರಣೆಯ ತಿರುಳು ಇದೇ: ಇಂಥವರ ಭಯ ಹಿಂದಿನ ಒಂದು ಘಟನೆಗೆ ಮಾತ್ರ ಕಟ್ಟಿಕೊಂಡದ್ದಲ್ಲ, ದೇಹದೊಳಗೇ ಮುಂದುವರಿಯುವ ಬೆದರಿಕೆಗೆ ಕಟ್ಟಿಕೊಂಡದ್ದು. ಅದನ್ನು ಕೆರಳಿಸುವ ಸಂಕೇತವೂ ದೇಹದೊಳಗಿನದೇ. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ, ಆ ಬಡಿತವೇ ಆ ರಾತ್ರಿಯನ್ನು ಎಬ್ಬಿಸುತ್ತದೆ, ಎಬ್ಬಿಸಿದ ಭಯದಿಂದ ಬಡಿತ ಮತ್ತಷ್ಟು ಏರುತ್ತದೆ. ಅಪಘಾತ ನಡೆದ ತಿರುವನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಬಹುದು. ಸ್ವಂತ ಹೃದಯದ ಬಡಿತವನ್ನು ಬಿಟ್ಟು ಎಲ್ಲಿಗೆ ಹೋಗುವುದು?

ತಪ್ಪಿಸಿಕೊಳ್ಳಲು ಸಾಧ್ಯವಿರುವುದು ಬೇರೆ ಕೆಲವು ವಿಷಯಗಳಿಂದ, ಮತ್ತು ಅಪಾಯ ಇರುವುದು ಅಲ್ಲೇ. ಮಾತ್ರೆ ನೆನಪಿಸುತ್ತದೆ, ಆದ್ದರಿಂದ ಮಾತ್ರೆ ಬಿಡುತ್ತಾರೆ. ಆಸ್ಪತ್ರೆಯ ಫಿನಾಯಿಲ್ ವಾಸನೆ ನೆನಪಿಸುತ್ತದೆ, ಆದ್ದರಿಂದ ರಿವ್ಯೂಗೆ ಹೋಗುವುದನ್ನು ಮಳೆಯ ನೆಪ, ಮದುವೆಯ ನೆಪ ಹೇಳಿ ಮುಂದೂಡುತ್ತಾರೆ. ವಾಕಿಂಗ್‌ನಿಂದ ಎದೆಬಡಿತ ಏರುತ್ತದೆ, ಆದ್ದರಿಂದ ನಡೆಯುವುದನ್ನು ನಿಲ್ಲಿಸುತ್ತಾರೆ. ವೈದ್ಯರ ಕಣ್ಣಿಗೆ ಇದೆಲ್ಲ ಉದಾಸೀನವಾಗಿ ಕಾಣುತ್ತದೆ. ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ಗದರಿ ಕಳುಹಿಸುತ್ತಾರೆ. ಇನ್ನು ಕೆಲವರದ್ದು ಇದಕ್ಕೆ ವಿರುದ್ಧ ದಿಕ್ಕು. ಎದೆಯಲ್ಲಿ ಸ್ವಲ್ಪ ಉರಿ ಬಂದರೂ ಮಧ್ಯರಾತ್ರಿ ಕ್ಯಾಶುವಾಲ್ಟಿಗೆ ಓಡುತ್ತಾರೆ, ಇಸಿಜಿ ಸರಿಯಿರುತ್ತದೆ, "ಗ್ಯಾಸ್ಟ್ರಿಕ್, ಟೆನ್ಶನ್ ಮಾಡಬೇಡಿ" ಎಂದು ಹೇಳಿಸಿಕೊಂಡು ನಾಚಿಕೆಯಿಂದ ಮರಳುತ್ತಾರೆ. ಹಾಗೆ ಹಲವು ಬಾರಿ ಮರಳಿದವರು ನಿಜವಾದ ನೋವು ಬಂದ ದಿನ ಹೋಗದೆ ಕೂರುವ ಸಾಧ್ಯತೆಯೂ ಇದೆ.

2012ರ ಅದೇ ಅವಲೋಕನದಲ್ಲಿ ಇನ್ನೊಂದು ಅಂಶವಿತ್ತು. ಹೃದಯ ತೊಂದರೆಯ ನಂತರ ಪಿಟಿಎಸ್‌ಡಿ ಲಕ್ಷಣಗಳಿದ್ದವರಲ್ಲಿ ಮತ್ತೊಂದು ಹೃದಯ ತೊಂದರೆಯ ಅಥವಾ ಸಾವಿನ ಅಪಾಯ, ಆ ಲಕ್ಷಣಗಳಿಲ್ಲದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಪೂರ್ತಿ ಬಿಡಿಸಿಟ್ಟಾಗಿಲ್ಲ. ಹೆಚ್ಚು ತೀವ್ರವಾದ ಆಘಾತವಾದವರು ಹೆಚ್ಚು ಹೆದರಿರಲೂಬಹುದು. ಆದರೆ ದಾರಿಗಳು ಊಹಿಸಲಾಗದವೇನಲ್ಲ. ಬಿಟ್ಟ ಮಾತ್ರೆ ಒಂದು ದಾರಿ. ಸದಾ ಎಚ್ಚರದಲ್ಲಿರುವ ದೇಹದಲ್ಲಿ ಅಡ್ರಿನಲಿನ್ ಮಟ್ಟ, ರಕ್ತದೊತ್ತಡ, ಉರಿಯೂತ ಇವುಗಳ ಏರುಪೇರು, ಕೆಟ್ಟ ನಿದ್ದೆ, ಮತ್ತೆ ಶುರುವಾಗುವ ಸಿಗರೇಟು ಉಳಿದ ದಾರಿಗಳು. ಹಾಗಾಗಿ ಇದನ್ನು ಮನಸ್ಸಿನ ವಿಷಯ, ಆಮೇಲೆ ನೋಡಿಕೊಳ್ಳೋಣ ಎಂದು ಬದಿಗಿಡುವುದು ಹೃದಯ ಚಿಕಿತ್ಸೆಯ ದೃಷ್ಟಿಯಿಂದಲೇ ತಪ್ಪು. ಎರಡು ಲಕ್ಷ ಖರ್ಚು ಮಾಡಿ ಸ್ಟೆಂಟ್ ಹಾಕಿದ ಮೇಲೆ ಅದು ಮುಚ್ಚಿಹೋಗದಂತೆ ಕಾಯುವ ಮಾತ್ರೆಯನ್ನು ರೋಗಿ ಯಾಕೆ ನುಂಗುತ್ತಿಲ್ಲ ಎಂದು ಕೇಳದಿರುವುದು ಬರೀ ಲೆಕ್ಕಾಚಾರದಲ್ಲೂ ನಷ್ಟವೇ.

ಐಸಿಯುವಿನ ಕತೆ ಬೇರೆಯೇ. ಇಲ್ಲಿ ಆಘಾತ ಕಾಯಿಲೆಯಿಂದ ಬರುವಷ್ಟೇ ಚಿಕಿತ್ಸೆಯಿಂದಲೂ ಬರುತ್ತದೆ. ವೆಂಟಿಲೇಟರ್ ಹಾಕಿಸಿಕೊಂಡು ನಿದ್ರೆಮದ್ದಿನ ಮಂಪರಿನಲ್ಲಿರುವವರಲ್ಲಿ ಹಲವರಿಗೆ ಸನ್ನಿ ಹಿಡಿಯುತ್ತದೆ. ಹಗಲು ರಾತ್ರಿ ಒಂದೇ ಬೆಳಕು, ಮಾನಿಟರಿನ ಬೀಪ್, ಗಂಟಲಲ್ಲಿ ಕೊಳವೆ ಇರುವುದರಿಂದ ಮಾತು ಬರುವುದಿಲ್ಲ, ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟಿರುತ್ತಾರೆ. ಈ ಸ್ಥಿತಿಯಲ್ಲಿ ಮಿದುಳು ತನ್ನದೇ ಕತೆ ಕಟ್ಟುತ್ತದೆ: ತನ್ನನ್ನು ಅಪಹರಿಸಿದ್ದಾರೆ, ಕಿಡ್ನಿ ತೆಗೆಯುತ್ತಿದ್ದಾರೆ, ಪಕ್ಕದ ಹಾಸಿಗೆಯವರನ್ನು ಕೊಂದರು, ಮುಂದಿನ ಸರದಿ ತನ್ನದು. ಇಂಗ್ಲೆಂಡಿನಲ್ಲಿ ಕ್ರಿಸ್ಟೀನಾ ಜೋನ್ಸ್ ಮತ್ತು ಸಂಗಡಿಗರು ಎರಡು ದಶಕಗಳ ಹಿಂದೆಯೇ ಗಮನಿಸಿದಂತೆ, ನಡೆದದ್ದರ ನಿಜವಾದ ನೆನಪಿಗಿಂತ ಈ ಭ್ರಮೆಯ ನೆನಪುಗಳೇ ಹೆಚ್ಚು ಕಾಡುತ್ತವೆ. ನಿಜವಾದ ನೆನಪಾದರೆ ಮನೆಯವರೊಡನೆ ಮಾತಾಡಿ ಹೊಂದಿಸಿಕೊಳ್ಳಬಹುದು. ಇದನ್ನು ಹೇಳಿದರೆ ತಲೆಕೆಟ್ಟಿದೆ ಎಂದಾರು ಎಂಬ ಭಯಕ್ಕೆ ರೋಗಿ ಬಾಯಿ ಬಿಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಒಂದು ವಿಶೇಷ ಆಯಾಮವಿದೆ. ಇಲ್ಲಿನ ಐಸಿಯುಗಳಲ್ಲಿ ದುಡಿಯುವ ನರ್ಸ್‌ಗಳಲ್ಲಿ ಕೇರಳದವರು ಬಹಳ, ಕಿರಿಯ ವೈದ್ಯರಲ್ಲಿ ದೇಶದ ನಾನಾ ಕಡೆಯಿಂದ ಓದಲು ಬಂದವರು ಬಹಳ. ಬೆಳ್ತಂಗಡಿಯ ಹಳ್ಳಿಯಿಂದ ಬಂದ, ತುಳು ಬಿಟ್ಟರೆ ಕನ್ನಡವನ್ನೂ ಕಷ್ಟದಿಂದ ಆಡುವ ಎಪ್ಪತ್ತರ ಅಜ್ಜಿಯೊಬ್ಬರು ಮಂಪರಿನಿಂದ ಅರ್ಧ ಎಚ್ಚರಗೊಂಡಾಗ ಸುತ್ತ ಮುಖಗವಸು ಹಾಕಿದವರು ಮಲಯಾಳದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರೆ ಅವರಿಗೆ ತಾನು ಯಾವುದೋ ದೂರದ ಊರಿನಲ್ಲಿ ಅಪರಿಚಿತರ ಕೈಯಲ್ಲಿ ಸಿಕ್ಕಿದ್ದೇನೆ ಎನಿಸಿದರೆ ಆಶ್ಚರ್ಯವೇನು? ಇದರಲ್ಲಿ ಆ ನರ್ಸ್‌ಗಳ ತಪ್ಪೇನೂ ಇಲ್ಲ. ಅವರಲ್ಲಿ ಅನೇಕರು ವರ್ಷದೊಳಗೆ ನಾಲ್ಕು ಮಾತು ತುಳು ಕಲಿತಿರುತ್ತಾರೆ. ಆದರೆ ಪಾಳಿ ಬದಲಾದಾಗಲೆಲ್ಲ ಹಾಸಿಗೆಯ ಬಳಿ ನಿಂತು ರೋಗಿಯ ಭಾಷೆಯಲ್ಲಿ ಹೆಸರು ಹಿಡಿದು ಕರೆದು, ಇದು ಆಸ್ಪತ್ರೆ, ಇವತ್ತು ಇಂಥ ವಾರ, ಮಗಳು ಹೊರಗೆ ಇದ್ದಾಳೆ ಎಂದು ಹೇಳುವುದು ಸನ್ನಿಯನ್ನು ಕಡಿಮೆ ಮಾಡುವ ಅತ್ಯಂತ ಅಗ್ಗದ ಉಪಾಯಗಳಲ್ಲಿ ಒಂದು. ಕನ್ನಡಕ ಮತ್ತು ಶ್ರವಣಯಂತ್ರ ತೆಗೆದಿಡದೆ ಹಾಕಿಸುವುದು, ಕಣ್ಣಿಗೆ ಕಾಣುವಲ್ಲಿ ಗಡಿಯಾರ ಇಡುವುದು, ರಾತ್ರಿ ದೀಪ ಮಂದ ಮಾಡುವುದು, ಸಾಧ್ಯವಾದಷ್ಟು ಬೇಗ ನಿದ್ರೆಮದ್ದು ಇಳಿಸುವುದು, ಮನೆಯವರನ್ನು ಐದು ನಿಮಿಷದ ದರ್ಶನಕ್ಕೆ ಸೀಮಿತಗೊಳಿಸದಿರುವುದು ಇವೂ ಅದೇ ಸಾಲಿಗೆ ಸೇರುತ್ತವೆ.

ಯೂರೋಪಿನ ಕೆಲವು ಐಸಿಯುಗಳಲ್ಲಿ ನರ್ಸ್‌ಗಳು ಮತ್ತು ಮನೆಯವರು ಸೇರಿ ರೋಗಿಗಾಗಿ ದಿನಚರಿ ಬರೆದಿಡುವ ಪದ್ಧತಿಯಿದೆ. ಪ್ರಜ್ಞೆಯಿಲ್ಲದ ದಿನಗಳಲ್ಲಿ ನಿಜವಾಗಿ ಏನಾಯಿತು ಎಂಬುದನ್ನು ಆಮೇಲೆ ಓದಿಕೊಳ್ಳಲಿ ಎಂದು. 2010ರ ಒಂದು ಪ್ರಯೋಗದಲ್ಲಿ ಇದರಿಂದ ಹೊಸ ಪಿಟಿಎಸ್‌ಡಿ ಪ್ರಕರಣಗಳು ಶೇ. 13ರಿಂದ ಶೇ. 5ಕ್ಕೆ ಇಳಿದವು. 2019ರಲ್ಲಿ ಫ್ರಾನ್ಸಿನ 35 ಐಸಿಯುಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ಒಳ್ಳೆಯದೆನಿಸುವ ಎಲ್ಲವೂ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಹೊರಗಿನ ಬೆಂಚಿನ ಮೇಲೆ ಕಾಯುವವರೂ ಪಾರಾಗುವುದಿಲ್ಲ. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಐಸಿಯು ರೋಗಿಗಳ ಮನೆಯವರಲ್ಲಿ ಮೂರರಲ್ಲೊಂದು ಭಾಗದಷ್ಟು ಮಂದಿ ಪಿಟಿಎಸ್‌ಡಿಯ ಅಪಾಯದಲ್ಲಿದ್ದರು. ಮಗ ದುಬೈಯಲ್ಲೋ ಕುವೈತಿನಲ್ಲೋ ಇದ್ದು, ಇಲ್ಲಿ ತಾಯಿಯೊಬ್ಬಳೇ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿ, ರಾತ್ರಿ ಹನ್ನೊಂದಕ್ಕೆ ಬಿಲ್ಲಿಂಗ್ ಕೌಂಟರಿನಿಂದ ಬಂದ ಮೊತ್ತವನ್ನು ವಾಟ್ಸ್ಆ್ಯಪಿನಲ್ಲಿ ಮಗನಿಗೆ ಕಳುಹಿಸುವ ಮನೆಗಳು ಕರಾವಳಿಯಲ್ಲಿ ಎಷ್ಟಿವೆಯೆಂದು ಹೇಳಬೇಕಾಗಿಲ್ಲ. ಆ ತಾಯಿಯ ಹೆಸರಿನಲ್ಲಿ ಆಸ್ಪತ್ರೆಯಲ್ಲಿ ಫೈಲ್ ಇರುವುದಿಲ್ಲ.

ಊರಿನ ಜನ ಇದನ್ನು ಗುರುತಿಸಿಯೇ ಇಲ್ಲವೆಂದಲ್ಲ. ಹೆದರಿಕೆ ತಾಗಿದೆ ಎಂದು ನೂಲು ಮಂತ್ರಿಸಿ ಕಟ್ಟಿಸುತ್ತಾರೆ, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುತ್ತಾರೆ, ದೈವಕ್ಕೆ ಕೋಲದ ಹರಕೆ, ಕಟೀಲಿಗೋ ಮಂದಾರ್ತಿಗೋ ಯಕ್ಷಗಾನ ಆಟದ ಹರಕೆ ಹೇಳಿಕೊಳ್ಳುತ್ತಾರೆ. ವೈದ್ಯರು ಇದನ್ನು ಕೇಳಿ ಮೂಗು ಮುರಿಯುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಹೆದರಿಕೆಯನ್ನು ಆ ಮನುಷ್ಯನ ದೌರ್ಬಲ್ಯವೆನ್ನದೆ ಹೊರಗಿನಿಂದ ಬಂದು ತಾಗಿದ್ದು ಎಂದು ನೋಡುವುದರಲ್ಲಿ, ಧೈರ್ಯ ತಂದುಕೊಳ್ಳಿ ಎಂಬ ಉಪದೇಶಕ್ಕಿಂತ ಹೆಚ್ಚು ತಿಳಿವಳಿಕೆಯಿದೆ. ತೊಡಕಿರುವುದು ಬೇರೆ ಕಡೆ. ಹರಕೆ ಒಂದು ಕಷ್ಟ ಕಳೆದ ಮೇಲೆ ತೀರಿಸುವಂಥದ್ದು; ಹೃದ್ರೋಗ, ಕ್ಯಾನ್ಸರ್, ಡಯಾಲಿಸಿಸ್‌ಗಳಿಗೆ ಅಂಥ ಮುಕ್ತಾಯವಿಲ್ಲ. ಆಟ ಆಡಿಸಿದ ಮರುವಾರವೂ ರಕ್ತಪರೀಕ್ಷೆಗೆ ಹೋಗಬೇಕು. ಹರಕೆ ತೀರಿತಲ್ಲ, ಇನ್ನೇಕೆ ಮಾತ್ರೆ ಎಂದು ರೋಗಿ ತೀರ್ಮಾನಿಸಿದರೆ ಆ ನಂಬಿಕೆಯೇ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತದೆ.

ಇದಕ್ಕೆಲ್ಲ ಪಿಟಿಎಸ್‌ಡಿ ಎಂಬ ಹೆಸರು ಸಲ್ಲುತ್ತದೆಯೇ ಎಂಬ ಬಗ್ಗೆ ಮನೋವೈದ್ಯರಲ್ಲೇ ಒಮ್ಮತವಿಲ್ಲ. 1994ರ ಅಮೆರಿಕನ್ ರೋಗಪಟ್ಟಿ ಜೀವಕ್ಕೆ ಅಪಾಯ ತರುವ ಕಾಯಿಲೆಯನ್ನು ಆಘಾತಕಾರಿ ಘಟನೆಗಳ ಸಾಲಿಗೆ ಸೇರಿಸಿತ್ತು. 2013ರ ಪಟ್ಟಿ ಬಾಗಿಲನ್ನು ಕಿರಿದುಗೊಳಿಸಿ, ಕಾಯಿಲೆ ತಾನಾಗಿ ಆಘಾತವಲ್ಲ, ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಾಗುವಂಥ, ಔಷಧದ ಅಲರ್ಜಿಯಿಂದ ಉಸಿರು ಕಟ್ಟುವಂಥ ಹಠಾತ್ ದುರಂತವಾದರೆ ಮಾತ್ರ ಸಲ್ಲುತ್ತದೆ ಎಂದಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅಷ್ಟು ಬಿಗಿಯಾಗಿಲ್ಲ. ಘಟನೆ ಮತ್ತೆ ಈಗ ನಡೆಯುತ್ತಿರುವಂತೆ ಅನುಭವವಾಗುವುದು, ತಪ್ಪಿಸಿಕೊಳ್ಳುವುದು, ಅಪಾಯ ಈಗಲೂ ಇದೆಯೆಂಬ ಭಾವನೆ ಎಂಬ ಮೂರರ ಮೇಲೆ ಅದು ಒತ್ತು ಕೊಡುತ್ತದೆ. ಬಿಗಿಗೊಳಿಸಿದವರ ವಾದದಲ್ಲಿ ಹುರುಳಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ 46ರ ಹರೆಯದಲ್ಲಿ ತೀರಿಕೊಂಡ ಸುದ್ದಿ ಕೇಳಿ ರಾಜ್ಯದಾದ್ಯಂತ ಹೃದಯ ತಪಾಸಣೆಗೆ ಮುಗಿಬಿದ್ದವರ ಆತಂಕವನ್ನೂ, ಗಡ್ಡೆಯ ವರದಿ ಬರುವವರೆಗೆ ನಿದ್ದೆಗೆಟ್ಟವರ ಚಿಂತೆಯನ್ನೂ ಪಿಟಿಎಸ್‌ಡಿ ಎಂದರೆ ಆ ಹೆಸರಿಗೆ ಬೆಲೆ ಉಳಿಯುವುದಿಲ್ಲ. ಆದರೆ ಹೆಸರಿನ ಜಗಳ ಚಿಕಿತ್ಸೆಗೆ ಅಡ್ಡಿಯಾಗಬಾರದು. ಬ್ರಹ್ಮಾವರದ ಆ ಮನುಷ್ಯ ಯಾವ ಪಟ್ಟಿಗೆ ಸೇರಲಿ, ಸೇರದಿರಲಿ, ಅವರು ಕುರ್ಚಿಯಲ್ಲಿ ಮಲಗುವುದನ್ನು ಮತ್ತು ಮಾತ್ರೆ ಬಿಡುವುದನ್ನು ಯಾರಾದರೂ ವಿಚಾರಿಸಲೇಬೇಕು.

ಚಿಕಿತ್ಸೆ ಇದೆ, ಮತ್ತು ಅದು ಬರೀ ಸಮಾಧಾನದ ಮಾತಲ್ಲ. ಆಘಾತದ ನೆನಪನ್ನೇ ಕೇಂದ್ರವಾಗಿಟ್ಟುಕೊಂಡ ಮನಶ್ಚಿಕಿತ್ಸೆಗಳಿಗೆ ಹೆಚ್ಚಿನ ಪುರಾವೆಯಿದೆ. ತರಬೇತಾದ ಮನಶ್ಶಾಸ್ತ್ರಜ್ಞರ ಎದುರು ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ, ಈಗ ನಡೆಯುತ್ತಿದೆ ಎಂಬಂತೆ, ಹಲವು ಬಾರಿ ಹೇಳಿಸುತ್ತಾರೆ. ಹೇಳುತ್ತ ಹೋದಂತೆ ನೆನಪು ಉಳಿದು ಅದರ ಮೊನೆ ಮೊಂಡಾಗುತ್ತದೆ. ದುರ್ಬಲ ಹೃದಯದವರನ್ನು ಹೀಗೆ ಕಲಕುವುದು ಸುರಕ್ಷಿತವೇ ಎಂಬ ಸಹಜ ಸಂಶಯಕ್ಕೆ 2011ರ ಒಂದು ಸಣ್ಣ ಪ್ರಯೋಗ ಉತ್ತರ ಕೊಟ್ಟಿದೆ: ಹೃದ್ರೋಗದಿಂದ ಪಿಟಿಎಸ್‌ಡಿ ಆದ 60 ಮಂದಿಯಲ್ಲಿ ಅದರಿಂದ ಹಾನಿ ಕಾಣಲಿಲ್ಲ. ಜೊತೆಗೆ, ಮಾನಿಟರ್ ಹಾಕಿ, ಫಿಸಿಯೋಥೆರಪಿಯವರ ಕಣ್ಣೆದುರಿನಲ್ಲಿ ಮೆಟ್ಟಿಲು ಹತ್ತಿಸಿ ಇಳಿಸುವ ಪುನಶ್ಚೇತನ ಕಾರ್ಯಕ್ರಮವೂ ಒಂದು ರೀತಿಯಲ್ಲಿ ಭಯದ ಚಿಕಿತ್ಸೆಯೇ, ಏಕೆಂದರೆ ಎದೆಬಡಿತ ಏರಿತು, ಏನೂ ಆಗಲಿಲ್ಲ, ಇಳಿಯಿತು ಎಂಬುದನ್ನು ದೇಹವೇ ಕಲಿಯುತ್ತದೆ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಸಹಾಯ ಮಾಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಲ್ಲಿ ಅವು ರಕ್ತಸ್ರಾವದ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುವುದರಿಂದ ಹೃದ್ರೋಗ ತಜ್ಞರಿಗೂ ತಿಳಿಸಿಯೇ ಶುರುಮಾಡಬೇಕು. ಮೆಡಿಕಲ್ ಶಾಪಿನಿಂದ ಅಭ್ಯಾಸವಾಗಿ ತಂದುಕೊಳ್ಳುವ ಅಲ್ಪ್ರಾಜೋಲಾಮ್ ಬಗೆಯ ನಿದ್ದೆಮಾತ್ರೆ ಪಿಟಿಎಸ್‌ಡಿಗೆ ಮದ್ದಲ್ಲ. ಇಲ್ಲಿ ಹೆಚ್ಚಾಗಿ ಸಿಗುವುದು ಅದೇ.

ಹಾಗಾದರೆ ಇವರನ್ನು ಪತ್ತೆಹಚ್ಚುವುದು ಯಾರು? ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ ರೂಪುಗೊಂಡ, ಹೌದು ಅಥವಾ ಇಲ್ಲ ಎನ್ನುವ ಐದು ಪ್ರಶ್ನೆಗಳ ಒಂದು ಪಟ್ಟಿಯಿದೆ. ಕಳೆದ ಒಂದು ತಿಂಗಳಲ್ಲಿ ಆ ಘಟನೆಯ ಬಗ್ಗೆ ಕೆಟ್ಟ ಕನಸು ಅಥವಾ ಬೇಡದ ನೆನಪು ಬಂತೇ, ಅದನ್ನು ನೆನಪಿಸುವುದರಿಂದ ದೂರ ಇರಲು ಪ್ರಯತ್ನಪಟ್ಟಿರೇ, ಸದಾ ಎಚ್ಚರದಲ್ಲಿದ್ದು ಬೇಗ ಬೆಚ್ಚಿಬೀಳುತ್ತೀರೇ, ಜನರಿಂದ ಮತ್ತು ಕೆಲಸದಿಂದ ಮನಸ್ಸು ಬಿಟ್ಟುಹೋದಂತಿದೆಯೇ, ನಡೆದದ್ದಕ್ಕೆ ನಿಮ್ಮನ್ನೋ ಬೇರೆಯವರನ್ನೋ ದೂಷಿಸುತ್ತೀರೇ. ಮೂರು ಅಥವಾ ಹೆಚ್ಚು ಹೌದು ಬಂದರೆ ವಿವರವಾಗಿ ನೋಡಬೇಕು. ಎರಡು ನಿಮಿಷದ ಕೆಲಸ. ರಿವ್ಯೂ ದಿನ ಬಿಪಿ ನೋಡುವ ನರ್ಸ್ ಇದನ್ನು ರೋಗಿಯ ಭಾಷೆಯಲ್ಲಿ ಕೇಳಬಹುದು, ಜೊತೆಗೆ ಬಂದವರನ್ನೂ ಒಂದು ಮಾತು ವಿಚಾರಿಸಬಹುದು.

ಇಷ್ಟು ವೈದ್ಯಕೀಯ ಕಾಲೇಜುಗಳಿರುವ ಈ ಜಿಲ್ಲೆಗಳಲ್ಲಿ ಮನೋವೈದ್ಯರು ಅದೇ ಕಟ್ಟಡದ ಬೇರೊಂದು ಮಹಡಿಯಲ್ಲಿರುತ್ತಾರೆ. ಆದರೆ ಮನೋರೋಗ ವಿಭಾಗ ಎಂಬ ಬೋರ್ಡಿನ ಕೆಳಗೆ ಕೂರಲು ನಮ್ಮ ಜನ ಒಪ್ಪುವುದಿಲ್ಲ. ಮಗಳ ಸಂಬಂಧಕ್ಕೆ ತೊಂದರೆಯಾದೀತು ಎನ್ನುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ನಿಮ್ಹಾನ್ಸ್ ಕಂಡಂತೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಆದ್ದರಿಂದ ರೋಗಿಯನ್ನು ಮಹಡಿ ಹತ್ತಿಸುವುದಕ್ಕಿಂತ ಮನಶ್ಶಾಸ್ತ್ರಜ್ಞರನ್ನು ವಾರಕ್ಕೆ ಎರಡು ದಿನ ಹೃದಯ, ಕ್ಯಾನ್ಸರ್, ಡಯಾಲಿಸಿಸ್ ವಿಭಾಗಗಳಲ್ಲೇ ಕೂರಿಸುವುದು ಹೆಚ್ಚು ಸರಿ. ಸರಕಾರದ ಹೃದಯ ಜ್ಯೋತಿ ಯೋಜನೆ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತದೆ. ಅದೇ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರವೂ ಇದೆ. ಇಂಜೆಕ್ಷನ್ ಪಡೆದು ಬದುಕಿದವರ ಹೆಸರನ್ನು ಒಂದು ತಿಂಗಳ ನಂತರದ ಮಂಗಳವಾರಕ್ಕೆ ಬರೆದಿಡಲು ಹೊಸ ಯೋಜನೆ ಬೇಕಾಗಿಲ್ಲ, ಎರಡು ರಿಜಿಸ್ಟರುಗಳ ನಡುವೆ ಒಂದು ಕಾಲಂ ಬೇಕು. ದೂರದ ಹಳ್ಳಿಯವರಿಗೆ 2022ರಿಂದ ನಡೆಯುತ್ತಿರುವ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು; ಈ ಸಂಖ್ಯೆಯನ್ನು ಡಿಸ್ಚಾರ್ಜ್ ಸಮ್ಮರಿಯ ಕೆಳಗೆ ಅಚ್ಚು ಹಾಕಲು ಯಾರ ಅನುಮತಿಯೂ ಬೇಡ.

ಹಣದ ಪ್ರಶ್ನೆ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯ ಸಮಕ್ಕೆ ನೋಡಬೇಕೆಂದು ಹೇಳುತ್ತದೆ. ಆದರೆ ನಮ್ಮ ವಿಮೆಗಳು ಹೆಚ್ಚಾಗಿ ಹಣ ಕೊಡುವುದು ಅಡ್ಮಿಟ್ ಆದವರಿಗೆ, ಮತ್ತು ಈ ಚಿಕಿತ್ಸೆಗೆ ಯಾರೂ ಅಡ್ಮಿಟ್ ಆಗಬೇಕಾಗಿಲ್ಲ. ಎಂಟು ಹತ್ತು ವಾರ, ವಾರಕ್ಕೊಂದು ಗಂಟೆ ಬಂದು ಹೋಗಬೇಕು. ಸ್ಟೆಂಟಿನ ಪ್ಯಾಕೇಜಿನೊಳಗೇ ಈ ಕೆಲವು ಗಂಟೆಗಳ ಶುಲ್ಕವನ್ನು ಸೇರಿಸುವವರೆಗೆ, ಕಡಿಮೆ ದುಡಿಯುವ ಮನೆಯವರು ಮೊದಲ ಭೇಟಿಯ ನಂತರ ಬಸ್ಸಿನ ಖರ್ಚು, ಆ ದಿನದ ಸಂಬಳ ಎಣಿಸಿ ಎರಡನೆಯ ಭೇಟಿಗೆ ಬರುವುದಿಲ್ಲ.